ಹೊಸ ಕಾರಿನಲ್ಲಿ ಟೈರ್ ಸದ್ದು ತಲೆ ತಿನ್ನುತ್ತಿದೆಯಾ? ಶೀಟ್ ಅಂಟಿಸುವ ಮೊದಲು ಇಷ್ಟು ಮಾಡಿ ನೋಡಿ

ಹೊಸ ಕಾರು ತಗೊಂಡ ಮೊದಲ ವಾರ ಊರೊಳಗೇ ಓಡಾಡಿದ್ದೆ. ಎಲ್ಲ ಚೆನ್ನಾಗಿತ್ತು. ಎಂಟನೇ ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ಹೆದ್ದಾರಿಗೆ ಬಂದೆ. ವೇಗ 70 ದಾಟುತ್ತಿದ್ದ ಹಾಗೆ ಕಾಲಡಿಯಿಂದ ಒಂದು ಗುಂಯ್ ಶುರುವಾಯಿತು. 90ಕ್ಕೆ ಹೋಗುವಷ್ಟರಲ್ಲಿ ಅದು ಇಡೀ ಕಾರನ್ನು ತುಂಬಿಕೊಂಡಿತ್ತು. ಹಿಂದಿನ ಸೀಟಿನಲ್ಲಿದ್ದ ಅಮ್ಮ ಏನೋ ಕೇಳಿದರು, ನನಗೆ ಕೇಳಿಸಲಿಲ್ಲ. ಮತ್ತೆ ಕೇಳಿದರು, ಆಗಲೂ ಇಲ್ಲ. ಮೂರನೇ ಸಲ ಅವರೇ ಸುಮ್ಮನಾಗಿಬಿಟ್ಟರು. ಸದ್ದಿಗಿಂತ ಅದೇ ನನಗೆ ಜಾಸ್ತಿ ಬೇಜಾರಾಯಿತು.

ಮನೆಗೆ ಬಂದವನೇ ಎಲ್ಲರೂ ಮಾಡುವ ಕೆಲಸಕ್ಕೆ ಹೊರಟಿದ್ದೆ: ಸದ್ದು ತಡೆಯುವ ಶೀಟ್ ತರಿಸಿ ಬಾಗಿಲುಗಳಿಗೆಲ್ಲ ಅಂಟಿಸಿಬಿಡೋಣ ಅಂತ. ಪುಣ್ಯಕ್ಕೆ ಅಂಟಿಸಲಿಲ್ಲ. ನನ್ನ ಕಾರಿನ ಸದ್ದು ಬಾಗಿಲಿನಿಂದ ಬರುತ್ತಲೇ ಇರಲಿಲ್ಲ. ಅದು ಎಲ್ಲಿಂದ ಬರುತ್ತಿದೆ ಅಂತ ಹುಡುಕಲು ಎರಡು ವಾರ ಹಿಡಿಯಿತು. ಆ ಎರಡು ವಾರದಲ್ಲಿ ಕಲಿತದ್ದನ್ನು, ಯಾವ ಕ್ರಮದಲ್ಲಿ ಮಾಡಿದರೆ ದುಡ್ಡೂ ಸಮಯವೂ ಉಳಿಯುತ್ತದೋ ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅದು ಟೈರ್ ಸದ್ದೇನಾ ಅಂತ ಖಾತ್ರಿ ಮಾಡಿಕೊಳ್ಳಿ

ಕಾರಿನೊಳಗೆ ಕೇಳುವ ಸದ್ದು ಮುಖ್ಯವಾಗಿ ಮೂರು ಕಡೆಯಿಂದ ಬರುತ್ತದೆ. ಎಂಜಿನ್, ಗಾಳಿ, ಟೈರ್. ಗಂಟೆಗೆ ಸುಮಾರು 40-50 ಕಿ.ಮೀ. ದಾಟಿ ಒಂದೇ ವೇಗದಲ್ಲಿ ಹೋಗುತ್ತಿರುವಾಗ ಇವತ್ತಿನ ಹೆಚ್ಚಿನ ಕಾರುಗಳಲ್ಲಿ ಎಂಜಿನ್‌ಗಿಂತ ಟೈರಿನದ್ದೇ ಮೇಲುಗೈ. ಗಾಳಿಯ ಸುಯ್ ಅನ್ನುವ ಸದ್ದು ಇನ್ನೂ ವೇಗ ಏರಿದ ಮೇಲೆ ಜೋರಾಗುತ್ತದೆ. ಎಲೆಕ್ಟ್ರಿಕ್ ಕಾರಾದರೆ ಮರೆಮಾಚಲು ಎಂಜಿನ್ ಸದ್ದೇ ಇಲ್ಲ, ಹಾಗಾಗಿ ಟೈರಿನದ್ದು ಎದ್ದು ಕೇಳುತ್ತದೆ. ಹಳೆಯ ಪೆಟ್ರೋಲ್ ಕಾರಿನಿಂದ ಎಲೆಕ್ಟ್ರಿಕ್‌ಗೆ ಬಂದವರಿಗೆ 'ಇದರಲ್ಲೇನೋ ತೊಂದರೆ ಇದೆ' ಅನ್ನಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಬೇರ್ಪಡಿಸುವುದು ಸುಲಭ. ಖಾಲಿ ಇರುವ ನೇರ ರಸ್ತೆಯಲ್ಲಿ 80ರಲ್ಲಿ ಹೋಗುತ್ತಾ ಒಂದು ಗೇರ್ ಕೆಳಗೆ ಹಾಕಿ, ವೇಗ ಮಾತ್ರ ಅಷ್ಟೇ ಇರಲಿ. ಎಂಜಿನ್ ಜೋರಾಗಿ ತಿರುಗಿದರೂ ಆ ಗುಂಯ್ ಹಾಗೇ ಇದ್ದರೆ ಅದು ಎಂಜಿನ್ನಿನದ್ದಲ್ಲ. ಗಾಳಿಯ ಅನುಮಾನ ಇದ್ದರೆ ಪೇಂಟರ್‌ಗಳು ಬಳಸುವ ಪೇಪರ್ ಟೇಪ್ ತಂದು, ಯಾರೂ ಕೂರದ ಕಡೆಯ ಬಾಗಿಲಿನ ಸಂದು ಮತ್ತು ಕನ್ನಡಿಯ ಬುಡಕ್ಕೆ ಹೊರಗಿನಿಂದ ಅಂಟಿಸಿ ಅದೇ ರಸ್ತೆಯಲ್ಲಿ ಮತ್ತೆ ಓಡಿಸಿ. ಸದ್ದು ಇಳಿದರೆ ಬಾಗಿಲಿನ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಕಡೆ ನೋಡಬೇಕು, ಟೈರ್ ಕಡೆ ಅಲ್ಲ. ಎಸಿಯನ್ನು ಹೊರಗಿನ ಗಾಳಿ ಎಳೆಯುವ ಕಡೆ ಇಟ್ಟಿದ್ದರೆ ಒಳಗಿನ ಗಾಳಿಯೇ ತಿರುಗುವ ಹಾಗೆ ಬದಲಿಸಿ ನೋಡಿ. ಆ ದಾರಿಯಿಂದಲೂ ಸದ್ದು ಒಳಗೆ ಬರುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ರಸ್ತೆಯೇ ಮಾಡಿಕೊಡುತ್ತದೆ. ಡಾಂಬರು ಮುಗಿದು ಕಾಂಕ್ರೀಟ್ ಶುರುವಾಗುವ ಗೆರೆ ಇರುತ್ತದಲ್ಲ, ಅದನ್ನು ಒಂದೇ ವೇಗದಲ್ಲಿ ದಾಟಿ. ಗೆರೆ ದಾಟಿದ ಕ್ಷಣಕ್ಕೇ ಸದ್ದಿನ ಬಣ್ಣ ಬದಲಾದರೆ ಅದು ಟೈರ್ ಮತ್ತು ರಸ್ತೆಯದ್ದೇ, ಅನುಮಾನ ಬೇಡ. ರಸ್ತೆ ಯಾವುದೇ ಇರಲಿ, ಒಂದೇ ತರಹ ಗೊರ್ ಅನ್ನುತ್ತಾ ವೇಗದ ಜೊತೆ ಮಾತ್ರ ಏರುವ ಸದ್ದಾದರೆ ಚಕ್ರದ ಬೇರಿಂಗ್ ನೆನಪಿಗೆ ಬರಬೇಕು. ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಬಲಗಡೆಯ ಬೇರಿಂಗ್, ಬಲಕ್ಕೆ ತಿರುಗುವಾಗ ಜಾಸ್ತಿಯಾದರೆ ಎಡಗಡೆಯದು ಅಂತ ಲೆಕ್ಕ. ಹೊಸ ಕಾರಿನಲ್ಲಿ ಇದು ಅಪರೂಪ, ಆದರೆ ಇದ್ದರೆ ನೇರವಾಗಿ ವಾರಂಟಿ ಕೆಲಸ.

ಟೈರ್ ಸದ್ದಿನಲ್ಲೂ ಮೂರು ಬಗೆ

ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾವ ಬಗೆಯ ಸದ್ದು ಅಂತ ಗೊತ್ತಾಗದೆ ದುಡ್ಡು ಹಾಕಿದರೆ ಅದು ನೀರಿನಲ್ಲಿ ಹೋಮ ಮಾಡಿದ ಹಾಗೆ.

ಒಂದು, ತೀರಾ ತಗ್ಗಿನ ಬೂಂ. ಕಿವಿಗಿಂತ ಎದೆಗೆ, ಕಿವಿಯೊಳಗಿನ ಒತ್ತಡಕ್ಕೆ ಗೊತ್ತಾಗುವಂಥದ್ದು. ರಸ್ತೆಯ ಏರಿಳಿತ ಟೈರಿನಿಂದ ಸಸ್ಪೆನ್ಷನ್‌ಗೆ, ಅಲ್ಲಿಂದ ಬಾಡಿಗೆ ಹತ್ತಿ, ತಗಡು ಡೋಲಿನ ಚರ್ಮದ ಹಾಗೆ ನಡುಗುವುದರಿಂದ ಬರುತ್ತದೆ. ಎರಡನೆಯದು ಮಧ್ಯದ ಗುಂಯ್. ಟೈರಿನೊಳಗೆ ಇರುವುದು ಗಾಳಿಯ ಒಂದು ಉಂಗುರ ಅಲ್ವಾ, ಅದು ಕೊಳವೆಯೊಳಗಿನ ಗಾಳಿಯ ಹಾಗೆ ತನ್ನದೇ ಒಂದು ಸ್ವರ ಹಿಡಿಯುತ್ತದೆ. ಸಾಮಾನ್ಯ ಕಾರಿನ ಟೈರಿನಲ್ಲಿ ಅದು 200ರಿಂದ 250 ಹರ್ಟ್ಸ್ (ಅಂದರೆ ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸು. ಸೇತುವೆಯ ಜೋಡಣೆ ದಾಟುವಾಗ 'ಟೊಂಯ್' ಅಂತ ಒಂದು ಬಾರಿಸಿದ ಹಾಗೆ ಕೇಳುತ್ತದಲ್ಲ, ಅದೇ ಇದು. ಮೂರನೆಯದು ಸೊರ್ರ್ ಅಂತ ತೆಳುವಾಗಿ ಉಜ್ಜುವ ಸದ್ದು. ಟೈರಿನ ಮೈಮೇಲಿನ ರಬ್ಬರ್ ಗಟ್ಟೆಗಳು ರಸ್ತೆಗೆ ಬಡಿದು, ಅವುಗಳ ನಡುವಿನ ಕಾಲುವೆಗಳೊಳಗೆ ಸಿಕ್ಕ ಗಾಳಿ ಚಿಮ್ಮಿ ಬರುವುದು, 1000 ಹರ್ಟ್ಸ್ ಸುತ್ತಮುತ್ತ ಜೋರಾಗಿರುತ್ತದೆ.

ಸುಮಾರು 500 ಹರ್ಟ್ಸ್‌ಗಿಂತ ಕೆಳಗಿನದ್ದು ಹೆಚ್ಚಾಗಿ ಲೋಹದ ಮೂಲಕ ಬರುತ್ತದೆ, ಮೇಲಿನದ್ದು ಗಾಳಿಯ ಮೂಲಕ, ಸಂದು ತೂತುಗಳಿಂದ ಬರುತ್ತದೆ. ಲೋಹದ ಮೂಲಕ ಬರುವುದನ್ನು ಬೀಡಿಂಗ್ ತಡೆಯಲಾರದು. ಗಾಳಿಯ ಮೂಲಕ ಬರುವುದಕ್ಕೆ ತಗಡಿನ ಮೇಲೆ ಬರೀ ಡ್ಯಾಂಪಿಂಗ್ ಶೀಟ್ (ನಡುಕ ತಡೆಯುವ ಶೀಟ್) ಅಂಟಿಸಿದರೂ ಹೆಚ್ಚೇನೂ ಆಗದು. ಇಷ್ಟು ತಲೆಯಲ್ಲಿದ್ದರೆ ಮುಂದಿನದ್ದೆಲ್ಲ ಸುಲಭ.

ಒಂದು ಅಳತೆಯನ್ನೂ ಇಟ್ಟುಕೊಳ್ಳಿ. ಫೋನಿನ ಡೆಸಿಬಲ್ ಆ್ಯಪ್ ತೋರಿಸುವ ಅಂಕಿ ನಿಖರ ಅಲ್ಲ, ಆದರೆ ಅದೇ ಫೋನು, ಕಾರಿನೊಳಗೆ ಅದೇ ಜಾಗ, ಅದೇ ರಸ್ತೆಯ ತುಂಡು, ಅದೇ 80ರ ವೇಗ, ಫ್ಯಾನ್ ಬಂದ್, ಒಣಗಿದ ರಸ್ತೆ ಅಂತ ಇಟ್ಟುಕೊಂಡರೆ ನಿನ್ನೆಗೂ ಇವತ್ತಿಗೂ ಹೋಲಿಸಲು ಸಾಕು. ಫೋನ್ ಹಿಡಿಯುವುದು ಪಕ್ಕದಲ್ಲಿ ಕೂತವರ ಕೆಲಸ, ಓಡಿಸುವವರದ್ದಲ್ಲ. ಒಂದು ನಿಮಿಷದ ಸರಾಸರಿ, ಮೂರು ಸಲ. ಆ್ಯಪ್‌ನಲ್ಲಿ ಎ ಮತ್ತು ಸಿ ಅಂತ ಎರಡು ಬಗೆ ಇದ್ದರೆ ಎರಡನ್ನೂ ಬರೆದಿಡಿ. ಎ ಅಳತೆ ತಗ್ಗಿನ ಸದ್ದನ್ನು ತುಂಬಾ ಕಡಿಮೆ ಮಾಡಿ ಎಣಿಸುತ್ತದೆ. 'ಮೀಟರ್‌ನಲ್ಲಿ ಕಮ್ಮಿ ಇದೆ, ತಲೆನೋವು ಮಾತ್ರ ಹೋಗಿಲ್ಲ' ಅನ್ನುವವರ ಕಾರಿನಲ್ಲಿ ಸಾಮಾನ್ಯವಾಗಿ ಇರುವುದು ಆ ಬೂಂ, ಅದು ಸಿ ಅಳತೆಯಲ್ಲಿ ಸಿಕ್ಕಿಬೀಳುತ್ತದೆ.

ಗಾಳಿ ಎಷ್ಟಿದೆ ನೋಡಿ. ಈಗಲೇ.

ಹೊಸ ಕಾರನ್ನು ಕಾರ್ಖಾನೆಯಿಂದ ಸಾಗಿಸುವಾಗ, ವಾರಗಟ್ಟಲೆ ನಿಂತಲ್ಲೇ ನಿಂತು ಟೈರ್ ಚಪ್ಪಟೆಯಾಗದಿರಲಿ ಅಂತ ಗಾಳಿ ಜಾಸ್ತಿ ತುಂಬಿರುತ್ತಾರೆ. ಕಾರನ್ನು ನಿಮ್ಮ ಕೈಗೆ ಕೊಡುವ ಮೊದಲು ಅದನ್ನು ಇಳಿಸಬೇಕು. ಎಷ್ಟೋ ಸಲ ಇಳಿಸಿರುವುದಿಲ್ಲ.

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕರ್ ಇರುತ್ತದೆ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ನನ್ನದರಲ್ಲಿ 33 ಪಿಎಸ್ಐ ಅಂತ ಇತ್ತು. ಬೆಳಗ್ಗೆ ಎದ್ದು, ಕಾರು ಅಲುಗಾಡಿಸದೆ, ಸ್ವಂತ ಗೇಜ್ ಇಟ್ಟು ನೋಡಿದೆ. 44, 43, 45, 44. ನಾಲ್ಕಕ್ಕೆ ನಾಲ್ಕೂ! ಬೇಕಾದ್ದಕ್ಕಿಂತ ಹತ್ತು-ಹನ್ನೆರಡು ಪಿಎಸ್ಐ ಜಾಸ್ತಿ ಇದ್ದ ಗಾಳಿಯಿಂದ ಟೈರ್ ಕಲ್ಲಿನ ಹಾಗಾಗಿತ್ತು, ರಸ್ತೆಯ ಒಂದೊಂದು ಹರಳನ್ನೂ ಬಾಡಿಗೆ ದಾಟಿಸುತ್ತಿತ್ತು. 33ಕ್ಕೆ ಇಳಿಸಿ ಅದೇ ದಾರಿಯಲ್ಲಿ ಹೋದೆ. ಜೋಡಣೆಗಳ ಮೇಲಿನ ಆ ಹೊಡೆತ ಹೋಗಿತ್ತು. ಗುಂಯ್ ಮಾತ್ರ ಇನ್ನೂ ಇತ್ತು, ಆದರೆ ಅಮ್ಮನ ಮಾತು ಎರಡನೇ ಸಲಕ್ಕೆ ಕೇಳಿಸಿತು.

ಕೆಲವು ಎಚ್ಚರಿಕೆಗಳು. ಟೈರಿನ ಪಕ್ಕದಲ್ಲಿ 'ಮ್ಯಾಕ್ಸ್ ಪ್ರೆಷರ್' ಅಂತ ಅಚ್ಚಾಗಿರುವ ಅಂಕಿ ಆ ಟೈರ್ ತಡೆಯುವ ಗರಿಷ್ಠ ಒತ್ತಡ, ನೀವು ತುಂಬಿಸಬೇಕಾದದ್ದಲ್ಲ. ಸ್ಟಿಕರ್‌ನಲ್ಲಿ ಎರಡು ಸಾಲು ಇರಬಹುದು, ಇಬ್ಬರು ಮೂವರು ಕೂತಾಗ ಒಂದು, ತುಂಬಾ ಜನ ಮತ್ತು ಸಾಮಾನು ಇದ್ದಾಗ ಇನ್ನೊಂದು. ದಿನಾ ಒಬ್ಬರೇ ಓಡಾಡುವವರು ಪೂರ್ತಿ ಭಾರದ ಅಂಕಿಗೆ ತುಂಬಿಸಿಕೊಂಡು ಸದ್ದಿನ ಬಗ್ಗೆ ಗೊಣಗುವುದನ್ನು ನೋಡಿದ್ದೇನೆ. ಅಳೆಯುವುದು ಟೈರ್ ತಣ್ಣಗಿರುವಾಗ ಮಾತ್ರ, ಕಾರು ನಿಂತು ಮೂರು ಗಂಟೆಯಾದರೂ ಆಗಿರಬೇಕು. ಮತ್ತೆ ದಯವಿಟ್ಟು, ಸದ್ದು ಇನ್ನೂ ಇಳಿಯಲಿ ಅಂತ ಸ್ಟಿಕರ್‌ಗಿಂತ ಕೆಳಗೆ ಇಳಿಸಬೇಡಿ. ಗಾಳಿ ಕಮ್ಮಿಯಾದ ಟೈರ್ ವೇಗದಲ್ಲಿ ಕಾಯುತ್ತದೆ, ಕಾದದ್ದು ಸಿಡಿಯಲೂಬಹುದು. ನೈಟ್ರೋಜನ್ ತುಂಬಿಸಿದರೆ ಸದ್ದು ಇಳಿಯುತ್ತದೆ ಅನ್ನುವ ಮಾತಿಗೂ ಮರುಳಾಗಬೇಡಿ, ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ.

ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಾದರೆ ಟೈರಿನ ಒಂದು ಭಾಗ ಚಪ್ಪಟೆಯಾಗಿ, ವೇಗಕ್ಕೆ ತಕ್ಕ ಹಾಗೆ ಧಪ್ ಧಪ್ ಅನ್ನುತ್ತಿರುತ್ತದೆ. ಸಾಮಾನ್ಯವಾಗಿ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಓಡಿ ಟೈರ್ ಬಿಸಿಯಾದ ಮೇಲೆ ಸರಿಹೋಗುತ್ತದೆ. ಕೆಲವು ದಿನ ಓಡಿಸಿದರೂ ಹೋಗದಿದ್ದರೆ ಟೈರ್ ಬದಲಿಸಿಕೊಡಿ ಅಂತ ಮೊದಲ ತಿಂಗಳಲ್ಲೇ ಕೇಳಿ.

ಅದೇ ಮಾಡೆಲ್‌ನ ಇನ್ನೊಂದು ಕಾರು ಓಡಿಸಿ

ಇದು ಬಿಟ್ಟಿ ಪರೀಕ್ಷೆ, ಆದರೂ ಯಾರೂ ಮಾಡುವುದಿಲ್ಲ. ಶೋರೂಮಿನ ಟೆಸ್ಟ್ ಡ್ರೈವ್ ಕಾರು ಕೇಳಿ, ನಿಮ್ಮ ಅದೇ ರಸ್ತೆಗೆ ತಗೊಂಡು ಹೋಗಿ. ಹೋಗುವ ಮೊದಲು ಎರಡು ವಿಷಯ ನೋಡಿಕೊಳ್ಳಿ: ಚಕ್ರದ ಅಳತೆ ಒಂದೇನಾ, ಟೈರ್ ಕಂಪನಿ ಒಂದೇನಾ. ಒಂದೇ ಮಾಡೆಲ್‌ಗೆ ಕಾರು ಕಂಪನಿಗಳು ಎರಡು ಮೂರು ಬೇರೆ ಬೇರೆ ಟೈರ್ ಹಾಕುವುದು ಮಾಮೂಲು, ಅದರಲ್ಲೇ ವ್ಯತ್ಯಾಸ ಇರಬಹುದು.

ಆ ಕಾರೂ ನಿಮ್ಮದರಷ್ಟೇ ಸದ್ದು ಮಾಡಿದರೆ, ಆ ಮಾಡೆಲ್ ಇರುವುದೇ ಹಾಗೆ. ಸರ್ವಿಸ್ ಸೆಂಟರಿಗೆ ಹತ್ತು ಸಲ ಅಲೆದರೂ ಪ್ರಯೋಜನ ಇಲ್ಲ, ಟೈರ್ ಮತ್ತು ಶೀಟ್ ಕಡೆ ಬನ್ನಿ. ನಿಮ್ಮದೇ ಜಾಸ್ತಿ ಇದ್ದರೆ ಮಾತ್ರ ಎಲ್ಲೋ ದೋಷ ಇದೆ, ಒಂದು ರೂಪಾಯಿಯೂ ಖರ್ಚು ಮಾಡಬೇಡಿ, ವಾರಂಟಿಯಲ್ಲೇ ಸರಿಯಾಗಬೇಕು.

ನನ್ನದೇ ಜಾಸ್ತಿ ಇತ್ತು. ಅದೂ ಹಿಂದೆ. ಸರ್ವಿಸ್ ಸೆಂಟರಿನಲ್ಲಿ ಮೊದಲ ಸಲ 'ಹೊಸ ಟೈರ್ ಸಾರ್, ಒಂದಷ್ಟು ಓಡಲಿ, ಸರಿಹೋಗುತ್ತೆ' ಅಂದರು. ಬಂದುಬಿಟ್ಟೆ. ಆದರೆ ಮನಸ್ಸು ಒಪ್ಪಲಿಲ್ಲ. ತಮ್ಮನ ಕೈಗೆ ಸ್ಟೇರಿಂಗ್ ಕೊಟ್ಟು ನಾನು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂತೆ, ಒಂದು ಕಿವಿ ಮುಚ್ಚಿ ಇನ್ನೊಂದನ್ನು ಒಂದೊಂದು ಕಡೆ ತಿರುಗಿಸುತ್ತಾ ಹೋದೆ. ಎಡ ಹಿಂಭಾಗದ ಡಿಕ್ಕಿಯ ಕಡೆ ತಿರುಗಿದಾಗ ಸೊರ್ರ್ ಅನ್ನುವುದು ಸ್ಪಷ್ಟವಾಗಿ ಜೋರಾಯಿತು. ಮನೆಗೆ ಬಂದು ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ತೆಗೆದು ಕೆಳಗಿಟ್ಟೆವು. ಕತ್ತಲಾದ ಮೇಲೆ ತಮ್ಮ ಹೊರಗಿನಿಂದ ಕಾರಿನ ಕೆಳಗೆ ಟಾರ್ಚ್ ಹಿಡಿದ, ನಾನು ಡಿಕ್ಕಿಯೊಳಗೆ ತಲೆ ಹಾಕಿ ನೋಡಿದೆ. ತಗಡಿನ ಒಂದು ಮೂಲೆಯಲ್ಲಿ ನಾಣ್ಯದಷ್ಟು ದೊಡ್ಡ ಬೆಳಕಿನ ಚುಕ್ಕೆ. ಅಲ್ಲಿ ಕೂರಬೇಕಿದ್ದ ರಬ್ಬರ್ ಬಿರಡೆಯೇ ಇರಲಿಲ್ಲ. ಬೆರಳು ಹಾಕಿದರೆ ಹೊರಗಿನ ಗಾಳಿ ತಣ್ಣಗೆ ತಗುಲುತ್ತಿತ್ತು, ಟೈರ್ ಇದ್ದದ್ದು ಅಲ್ಲಿಂದ ಒಂದು ಗೇಣು ದೂರದಲ್ಲಿ.

ಫೋಟೋ ತೆಗೆದು ತೋರಿಸಿದೆ. ಯಾರೂ ಮಾತಾಡದೆ ಬಿರಡೆ ಹಾಕಿಕೊಟ್ಟರು, ಐದು ನಿಮಿಷದ ಕೆಲಸ. ಸಣ್ಣ ತೂತು ಅಂತ ಕಡೆಗಣಿಸಬೇಡಿ, ಗಾಳಿಯ ಮೂಲಕ ಬರುವ ಸದ್ದಿಗೆ ಬೆರಳಗಲದ ದಾರಿ ಸಾಕೇ ಸಾಕು. ಹೊಸ ಕಾರಿಗೆ ಹೊರಗಡೆ ಏನಾದರೂ ವೈರಿಂಗ್ ಮಾಡಿಸಿದ್ದರೆ, ವೈರ್ ಎಳೆಯಲು ಕಿತ್ತ ಬಿರಡೆಯನ್ನು ಮತ್ತೆ ಕೂರಿಸಿದ್ದಾರಾ ಅಂತ ತಪ್ಪದೆ ನೋಡಿ.

ಸರ್ವಿಸ್ ಸೆಂಟರಿಗೆ ಹೋಗುವಾಗ 'ಸದ್ದು ಬರುತ್ತೆ' ಅಂತ ಬರೆಸಿದರೆ 'ಪರೀಕ್ಷಿಸಲಾಗಿದೆ, ಸರಿ ಇದೆ' ಅಂತಲೇ ಉತ್ತರ. ಹೀಗೆ ಬರೆಸಿ: ಯಾವ ವೇಗದಲ್ಲಿ ಶುರು, ಯಾವ ಬಗೆಯ ರಸ್ತೆ, ಕಾರಿನ ಯಾವ ಮೂಲೆ, ಗಾಳಿ ಎಷ್ಟಿದೆ, ಅದೇ ಮಾಡೆಲ್‌ನ ಇನ್ನೊಂದರಲ್ಲಿ ಇಲ್ಲ. ಮೆಕ್ಯಾನಿಕ್ ಪಕ್ಕ ನೀವೇ ಕೂತು ಆ ರಸ್ತೆಗೇ ಕರೆದುಕೊಂಡು ಹೋಗಿ. ಅವರ ಕೈಯಲ್ಲಿ ನೋಡಿಸಬೇಕಾದ್ದು ಇವು: ಚಕ್ರದ ಮೇಲಿನ ಪ್ಲಾಸ್ಟಿಕ್ ಕವಚದ ಕ್ಲಿಪ್ ಬಿಟ್ಟಿದೆಯಾ, ಬಾಗಿಲಿನ ಬೀಡಿಂಗ್ ಸರಿಯಾಗಿ ಕೂತಿದೆಯಾ, ಚಕ್ರದ ಬೇರಿಂಗ್, ಅಲೈನ್‌ಮೆಂಟ್, ಮತ್ತೆ ಸಾಗಾಣಿಕೆಗೆ ಅಂತ ಸಸ್ಪೆನ್ಷನ್ ಸ್ಪ್ರಿಂಗ್‌ಗಳ ನಡುವೆ ತುರುಕಿದ ತುಂಡುಗಳೇನಾದರೂ ಅಲ್ಲೇ ಉಳಿದಿವೆಯಾ. ಕೊನೆಯದು ಕೇಳಲು ವಿಚಿತ್ರ, ಆದರೆ ನಿಜಕ್ಕೂ ಆಗುತ್ತದೆ. ಸ್ಪ್ರಿಂಗ್ ಆಡುವುದೇ ಇಲ್ಲ, ಕಾರು ಎತ್ತಿನಗಾಡಿಯ ಹಾಗೆ ಕುಲುಕುತ್ತದೆ. ಬೀಡಿಂಗ್ ಪರೀಕ್ಷೆ ಮನೆಯಲ್ಲೇ ಮಾಡಬಹುದು: ಒಂದು ಕಾಗದದ ಚೂರು ಇಟ್ಟು ಬಾಗಿಲು ಹಾಕಿ ಎಳೆಯಿರಿ, ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿದರೆ ಅಲ್ಲಿ ಒತ್ತು ಸಾಲದು.

ಟೈರ್ ಬದಲಿಸುವುದು

ದೋಷ ಏನೂ ಇಲ್ಲ, ಗಾಳಿ ಸರಿ ಇದೆ, ಆದರೂ ಸದ್ದು ತಡೆಯಲಾಗುತ್ತಿಲ್ಲ ಅಂದರೆ ನನ್ನ ಪ್ರಕಾರ ದುಡ್ಡು ಹಾಕಬೇಕಾದ ಮೊದಲ ಜಾಗ ಟೈರು. ಸದ್ದು ಹುಟ್ಟುವ ಜಾಗದಲ್ಲೇ ಕಡಿಮೆಯಾದರೆ ಬಾಗಿಲು, ನೆಲ, ಡಿಕ್ಕಿ ಎಲ್ಲ ಕಡೆಯೂ ಒಟ್ಟಿಗೇ ಕಡಿಮೆಯಾಗುತ್ತದೆ. ಇನ್ನೂ ಹೊಸದಾಗಿರುವ ಟೈರ್ ಬಿಚ್ಚಿ ಕೊಡಲು ಮನಸ್ಸು ಬರುವುದಿಲ್ಲ, ಗೊತ್ತು. ಓಡದ ಟೈರ್‌ಗೆ ಒಳ್ಳೆಯ ಬೆಲೆಯೇ ಸಿಗುತ್ತದೆ, ಕೆಲವು ಅಂಗಡಿಗಳು ಹಳೆಯದನ್ನು ತಗೊಂಡು ಹೊಸದರಲ್ಲಿ ಕಳೆಯುತ್ತವೆ. ತಡೆಯಬಹುದಾದ ಸದ್ದಾದರೆ ಇದ್ದದ್ದು ಸವೆಯುವವರೆಗೆ ಕಾಯಿರಿ.

ಆರಿಸುವಾಗ ಅಂಗಡಿಯವರ ಮಾತಿಗಿಂತ ಟೈರಿನ ಮೈ ನೋಡಿ. ದೊಡ್ಡ ದೊಡ್ಡ ಗಟ್ಟೆ, ಅಗಲವಾದ ಅಡ್ಡ ಕಾಲುವೆ ಇರುವ ಮಣ್ಣುದಾರಿಯ ಟೈರ್ ಡಾಂಬರಿನ ಮೇಲೆ ಹಾಡಿಯೇ ಹಾಡುತ್ತದೆ. ಗಟ್ಟೆಗಳು ಚಿಕ್ಕವು, ಒಂದೊಂದರ ಅಳತೆ ಸ್ವಲ್ಪ ಸ್ವಲ್ಪ ಬೇರೆ ಇದ್ದರೆ ಒಳ್ಳೆಯದು, ಎಲ್ಲ ಒಂದೇ ಅಳತೆ ಇದ್ದರೆ ಸದ್ದು ಒಂದೇ ಸ್ವರಕ್ಕೆ ಕೂಡಿ ಸೈರನ್ ತರಹ ಆಗುತ್ತದೆ. ಯುರೋಪಿನ ಲೇಬಲ್ ಇರುವ ಟೈರಾದರೆ ಅದರಲ್ಲಿ ಡೆಸಿಬಲ್ ಅಂಕಿ ಮತ್ತು ಎ, ಬಿ, ಸಿ ದರ್ಜೆ ಇರುತ್ತದೆ (ಈಗಿನ ರೂಪ 2021ರ ಮೇಯಿಂದ ಬಂದದ್ದು). ಆದರೆ ಗಮನಿಸಿ, ಅದು ಕಾರು ಹಾದುಹೋಗುವಾಗ ರಸ್ತೆಯ ಪಕ್ಕದಲ್ಲಿ ಅಳೆದ ಸದ್ದು, ಒಳಗೆ ಕೂತವರಿಗೆ ಕೇಳುವುದಲ್ಲ. 72ರ ಬದಲು 69 ಇದ್ದರೆ ಒಳ್ಳೆಯ ಸೂಚನೆ, ಯಾಕೆಂದರೆ 3 ಡೆಸಿಬಲ್ ಅಂದರೆ ಸದ್ದಿನ ಶಕ್ತಿ ಅರ್ಧಕ್ಕೆ ಇಳಿದ ಹಾಗೆ. ಕಿವಿಗೆ ಮಾತ್ರ ಅದು ಅರ್ಧ ಅನ್ನಿಸುವುದಿಲ್ಲ, ಸ್ವಲ್ಪ ಇಳಿಯಿತು ಅನ್ನಿಸುತ್ತದೆ. ಅರ್ಧ ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಇಳಿಯಬೇಕು, ಬರೀ ಟೈರಿನಿಂದ ಅಷ್ಟು ನಿರೀಕ್ಷಿಸಬೇಡಿ.

ಒಳಗೆ ಪಾಲಿಯೂರಿಥೇನ್ ಫೋಮ್ ಅಂಟಿಸಿದ ಟೈರ್‌ಗಳು ಬರುತ್ತವೆ. ಮಿಶೆಲಿನ್‌ನಲ್ಲಿ ಅಕೌಸ್ಟಿಕ್, ಕಾಂಟಿನೆಂಟಲ್‌ನಲ್ಲಿ ಕಾಂಟಿಸೈಲೆಂಟ್ ಅಂತ ಹೆಸರು. ಆಗಲೇ ಹೇಳಿದೆನಲ್ಲ ಗಾಳಿಯ ಉಂಗುರದ ಗುಂಯ್ ಮತ್ತು ಟೊಂಯ್, ಅದಕ್ಕೆ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ತಗ್ಗಿನ ಬೂಂಗೂ ಒರಟು ರಸ್ತೆಯ ಸೊರ್ರ್‌ಗೂ ಹೆಚ್ಚೇನೂ ಮಾಡುವುದಿಲ್ಲ. ಪಂಚರ್ ಆದರೆ ಆ ಜಾಗದ ಫೋಮ್ ಬಿಡಿಸಿ ಪ್ಯಾಚ್ ಹಾಕಬೇಕು, ಅದು ಗೊತ್ತಿರುವವರ ಹತ್ತಿರವೇ ಹೋಗಿ.

ಇನ್ನೊಂದು ದಾರಿ ರಿಮ್ ಚಿಕ್ಕದು ಮಾಡುವುದು, ನನಗೆ ತುಂಬಾ ಇಷ್ಟವಾದದ್ದು ಇದೇ. ಲೆಕ್ಕ ನೋಡಿ. ಟೈರ್ ಅಳತೆಯಲ್ಲಿ ಮೊದಲ ಅಂಕಿ ಅಗಲ ಮಿ.ಮೀ.ನಲ್ಲಿ, ಎರಡನೆಯದು ಆ ಅಗಲದ ನೂರಕ್ಕೆ ಎಷ್ಟು ಪಾಲು ಪಕ್ಕದ ಗೋಡೆಯ ಎತ್ತರ ಅನ್ನುವುದು, ಆರ್ ಆದ ಮೇಲಿನದು ರಿಮ್ ಎಷ್ಟು ಇಂಚು ಅನ್ನುವುದು. 235/45 ಆರ್18 ಟೈರಿನ ಪಕ್ಕದ ಗೋಡೆ ಸುಮಾರು 106 ಮಿ.ಮೀ. ಎತ್ತರ. 215/55 ಆರ್17ರದ್ದು 118. 215/60 ಆರ್16ರದ್ದು 129. ಮೂರರ ಹೊರಗಿನ ವ್ಯಾಸ ಮಾತ್ರ 669, 668, 664 ಮಿ.ಮೀ., ಅಂದರೆ ಹೆಚ್ಚುಕಮ್ಮಿ ಒಂದೇ. ಗೋಡೆ ಎತ್ತರವಾದಷ್ಟೂ ಹೊಡೆತ ತಡೆಯುವ ರಬ್ಬರು ಮತ್ತು ಗಾಳಿ ಜಾಸ್ತಿ, ಅಗಲ ಕಮ್ಮಿಯಾದಷ್ಟೂ ಸದ್ದು ಕಮ್ಮಿ. ಕಾರು ಕಂಪನಿಯೇ ಕೆಳಗಿನ ವೇರಿಯಂಟ್‌ಗೆ ಚಿಕ್ಕ ರಿಮ್ ಕೊಟ್ಟಿದ್ದರೆ ಅದೇ ಅಳತೆ ತಗೊಳ್ಳಿ. ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಭಾರ), ಸ್ಪೀಡ್ ರೇಟಿಂಗ್ (ತಡೆಯಬಲ್ಲ ವೇಗ) ಕಾರಿನ ಪುಸ್ತಕದಲ್ಲಿ ಇರುವುದಕ್ಕಿಂತ ಕಮ್ಮಿ ಆಗಬಾರದು. ಚಕ್ರದ ಒಳಗೆ ಬ್ರೇಕ್ ಒತ್ತಿ ಹಿಡಿಯುವ ಕ್ಯಾಲಿಪರ್‌ಗೆ ಚಿಕ್ಕ ರಿಮ್ ತಗುಲುತ್ತದಾ ಅಂತ ಒಂದು ಚಕ್ರ ಹಾಕಿ ತಿರುಗಿಸಿ ನೋಡಿದ ಮೇಲೆಯೇ ಉಳಿದದ್ದು.

ಈಗ ಶೀಟ್

ಕೊನೆಗೆ ಬಂದೆವು. ಬಿರಡೆ ಹಾಕಿಸಿ ಗಾಳಿ ಸರಿ ಮಾಡಿದ ಮೇಲೂ ನನ್ನ ಕಾರಿನ ಹಿಂಭಾಗದಲ್ಲಿ ಸ್ವಲ್ಪ ಉಳಿದಿತ್ತು, ಅದಕ್ಕೆ ಹಿಂದಿನ ಎರಡು ಚಕ್ರಗಳ ಕಮಾನು ಮತ್ತು ಸ್ಟೆಪ್ನಿ ಗುಂಡಿಗೆ ಮಾತ್ರ ಕೆಲಸ ಮಾಡಿದೆ. ಹ್ಯಾಚ್‌ಬ್ಯಾಕ್, ಎಸ್‌ಯುವಿಗಳಲ್ಲಿ ಡಿಕ್ಕಿಗೂ ನಿಮಗೂ ನಡುವೆ ಗೋಡೆ ಇಲ್ಲ, ಹಾಗಾಗಿ ಅಲ್ಲಿಂದ ಶುರು ಮಾಡಿದರೆ ಲಾಭ ಜಾಸ್ತಿ. ಆಮೇಲೆ ಬಾಗಿಲು, ಆಮೇಲೆ ನೆಲ. ಛಾವಣಿ ಮಳೆ ಸದ್ದಿಗೆ ಸರಿ, ಟೈರ್ ಸದ್ದಿಗೆ ಕೊನೆಗಿಡಿ.

ಮೂರು ವಸ್ತು, ಮೂರು ಕೆಲಸ, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಅಲ್ಯೂಮಿನಿಯಂ ಹಾಳೆ ಇರುವ ಬ್ಯೂಟೈಲ್ (ಒಂದು ಬಗೆಯ ಅಂಟು ರಬ್ಬರ್) ಶೀಟ್ ತಗಡಿನ ನಡುಕ ನಿಲ್ಲಿಸುತ್ತದೆ. ಫೋಮ್ ಅಥವಾ ಫೆಲ್ಟ್ ತೆಳು ಸದ್ದನ್ನು ಹೀರುತ್ತದೆ, ಪ್ಲಾಸ್ಟಿಕ್ ಕಿರಗುಟ್ಟುವುದನ್ನೂ ತಡೆಯುತ್ತದೆ. ಭಾರದ ವಿನೈಲ್ ಹಾಳೆ ಗೋಡೆಯ ಹಾಗೆ ಸದ್ದಿಗೆ ಅಡ್ಡ ನಿಲ್ಲುತ್ತದೆ, ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 5 ಕೆಜಿ ತೂಗುತ್ತದೆ, ಸಂದು ಬಿಡದೆ ಹಾಸಿದರೆ ಮಾತ್ರ ಉಪಯೋಗ.

ಬ್ಯೂಟೈಲ್ ಅನ್ನು ಇಡೀ ತಗಡಿಗೆ ಮೆತ್ತಬೇಕಿಲ್ಲ. ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಅಂದರೆ ಅಲ್ಲಿ ಬೇಕು, ಧಪ್ ಅಂದರೆ ಬೇಡ. ಚಪ್ಪಟೆ ಭಾಗದ ನಡುವೆ ನೂರಕ್ಕೆ 25-30 ಪಾಲು ಮುಚ್ಚಿದರೂ ನಡುಕ ಬಹುಪಾಲು ನಿಲ್ಲುತ್ತದೆ, ಮೇಲೆ ಹಾಕಿದ್ದೆಲ್ಲ ಹೆಚ್ಚಾಗಿ ಬರೀ ತೂಕ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಜಿಡ್ಡು ಒರೆಸಿ, ಶೀಟ್ ಸ್ವಲ್ಪ ಬೆಚ್ಚಗೆ ಮಾಡಿ ಅಂಟಿಸಿ, ಚಿಕ್ಕ ರೋಲರ್‌ನಿಂದ ಅದರ ಮೇಲಿನ ಉಬ್ಬು ಚಿತ್ತಾರ ಮಟ್ಟಸವಾಗುವವರೆಗೆ ಒತ್ತಿ. ನನ್ನ ಮೊದಲ ಶೀಟ್‌ನಲ್ಲಿ ರೋಲರ್ ಕೆಳಗೆ ಗಾಳಿಗುಳ್ಳೆ ಉಳಿದಿತ್ತು, ತಟ್ಟಿದರೆ ಅಲ್ಲಿ ಮಾತ್ರ ಟಣ್ ಅನ್ನುತ್ತಿತ್ತು. ಬ್ಲೇಡಿನಿಂದ ಚುಚ್ಚಿ ಮತ್ತೆ ಒತ್ತಿದೆ, ಸದ್ದು ಹೋಯಿತು. ಡಾಂಬರಿನ ಅಗ್ಗದ ಶೀಟ್ ಬೇಡ, ಬಿಸಿಲಿಗೆ ವಾಸನೆ ಬರುತ್ತದೆ, ಮೆತ್ತಗಾಗಿ ಜೋತುಬೀಳುತ್ತದೆ.

ಚಕ್ರದ ಮೇಲಿನ ಕವಚ ಬರೀ ಗಟ್ಟಿ ಪ್ಲಾಸ್ಟಿಕ್ ಆಗಿದ್ದು, ಮರಳು ಕಲ್ಲು ಬಡಿಯುವ ಚಟಪಟ ಜಾಸ್ತಿ ಇದ್ದರೆ, ಅದೇ ಮಾಡೆಲ್‌ನ ಮೇಲಿನ ವೇರಿಯಂಟ್‌ಗೆ ಫೆಲ್ಟ್ ಕವಚ ಬರುತ್ತದಾ ಅಂತ ಬಿಡಿಭಾಗದ ಕೌಂಟರಿನಲ್ಲಿ ಕೇಳಿ. ಕ್ಲಿಪ್ ತೆಗೆದು ಬದಲಿಸುವ ಕೆಲಸ ಅಷ್ಟೇ.

ಇಲ್ಲಿ ಹುಷಾರಾಗಿರಬೇಕಾದ ಜಾಗಗಳಿವೆ, ಇವನ್ನು ಓದದೆ ಕೈ ಹಾಕಬೇಡಿ. ಬಾಗಿಲು ಮತ್ತು ನೆಲದ ಕೆಳಗಿನ ನೀರು ಹೋಗುವ ತೂತುಗಳನ್ನು ಮುಚ್ಚಿದರೆ ಒಳಗೇ ತುಕ್ಕು ಹಿಡಿಯುತ್ತದೆ. ಹಳದಿ ಕನೆಕ್ಟರ್ ಏರ್‌ಬ್ಯಾಗಿನದ್ದು, ಅದನ್ನು ನೀವೇ ಬಿಚ್ಚಬೇಡಿ. ಸೀಟ್ ತೆಗೆಯಬೇಕಾದರೆ ಗೊತ್ತಿರುವವರಿಂದಲೇ ತೆಗೆಸಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಎಲೆಕ್ಟ್ರಿಕ್, ಹೈಬ್ರಿಡ್ ಕಾರುಗಳಲ್ಲಿ ಹೈ ವೋಲ್ಟೇಜಿನದ್ದು, ಮುಟ್ಟಲೇಬೇಡಿ. ಕೆಲವು ಕಾರುಗಳ ಬಾಗಿಲೊಳಗೆ, ಅಪಘಾತವಾದಾಗ ಗಾಳಿಯ ಒತ್ತಡ ಅಳೆದು ಪಕ್ಕದ ಏರ್‌ಬ್ಯಾಗ್ ಬಿಡಿಸುವ ಸೆನ್ಸರ್ ಇರುತ್ತದೆ, ಅಂಥ ಬಾಗಿಲಿನ ತೂತುಗಳನ್ನು ಮನಸ್ಸಿಗೆ ಬಂದ ಹಾಗೆ ಮುಚ್ಚಿದರೆ ಅದರ ಲೆಕ್ಕ ತಪ್ಪಬಹುದು. ಶುರು ಮಾಡುವ ಮೊದಲೇ ವಾರಂಟಿ ಬಗ್ಗೆ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅಳೆದು, ಬರೆದಿಟ್ಟು, ಮುಂದಿನದಕ್ಕೆ ಹೋಗಿ. ಇಲ್ಲದಿದ್ದರೆ ಯಾವುದರಿಂದ ಇಳಿಯಿತು ಅಂತ ಕೊನೆಗೂ ಗೊತ್ತಾಗುವುದಿಲ್ಲ. ಒಂದೊಂದರಿಂದ ಒಂದೆರಡು ಡೆಸಿಬಲ್ ಇಳಿದರೂ ಸಂತೋಷಪಡಿ, ಎಲ್ಲ ಕೂಡಿದಾಗ ಗೊತ್ತಾಗುತ್ತದೆ. ಈಗ ನನ್ನ ಕಾರಿನಲ್ಲಿ 90ರಲ್ಲಿ ಹೋಗುವಾಗ ಹಿಂದಿನ ಸೀಟಿನಿಂದ ಅಮ್ಮ ಮಾಮೂಲಿ ದನಿಯಲ್ಲಿ ಮಾತಾಡುತ್ತಾರೆ, ನಾನು ಉತ್ತರ ಕೊಡುತ್ತೇನೆ.

ಮುಂದಕ್ಕೆ ಒಂದು ಕೆಲಸ ಬಿಡಬೇಡಿ. 8,000-10,000 ಕಿ.ಮೀ.ಗೆ ಒಮ್ಮೆ ಟೈರ್‌ಗಳನ್ನು ಹಿಂದೆ ಮುಂದೆ ಬದಲಿಸಿ, ಆಗ ಅಂಗೈಯನ್ನು ಟೈರಿನ ಮೈ ಮೇಲೆ ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ ಸವರಿ. ಒಂದು ಕಡೆ ನುಣುಪಾಗಿ, ಇನ್ನೊಂದು ಕಡೆ ಗರಗಸದ ಹಲ್ಲಿನ ಹಾಗೆ ಕೈಗೆ ಚುಚ್ಚಿದರೆ ಗಟ್ಟೆಗಳು ಓರೆಯಾಗಿ ಸವೆಯಲು ಶುರುವಾಗಿವೆ, ಆ ವಾರವೇ ಅಲೈನ್‌ಮೆಂಟ್ ಮಾಡಿಸಿ.